ಜಪಾನಿನ ಎಂಜಿನ್ನು, ನಮ್ಮ ಬಾಣಂತನ

ಬಾಣಂತನಕ್ಕ ಅಮೇರಿಕಾಕ್ಕ ಹೋಗಿ ಬಂದವ್ರು ನಮ್ಮ ಓಣ್ಯಾಗ ಈಗ ಮನೀಗೊಬ್ಬರು ಸಿಗ್ತಾರ. ಬಂದವರು ನಯಾಗರಾದ ಫೋಟೋ ತೋರಸ್ತಾರ, ಅಲ್ಲಿ ಚಾಕಲೇಟ್ ಹಂಚ್ತಾರ. ನನ್ನ ನೋಡಿದ್ರ ಮಾತ್ರ ಎಲ್ಲಾರೂ ಕೇಳೂದು ಒಂದ: "ವೈನೀ, ನೀವು ಅಲ್ಲೆ ಹೋಗಿ ಕಾರಿನ ಎಂಜಿನ್ ಆರಿಸಿ ಬಂದ್ರಂತಲಾ, ಖರೇನ?" ಖರೇ ಅದ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯ್ತು, ಅದಕ್ಕ ಒಮ್ಮೆ ಬರದ ಬಿಡ್ತೀನಿ. ನಿಮ್ಮ ಮಕ್ಕಳೂ ಪರದೇಶದಾಗ ಇದ್ದಾರ, ಯಾರಿಗರ ಉಪಯೋಗ ಆದೀತು.

ನಾ ನ್ಯೂಜರ್ಸಿಯ ಎಡಿಸನ್ ಊರಿಗೆ ಹೋಗಿದ್ದು 2023ರ ಮಾರ್ಚಿನಾಗ. ಮಗಳಿಗೆ ಎಂಟನೇ ತಿಂಗಳು ಹತ್ತಿತ್ತು. ಅಂಟು, ಉತ್ತತ್ತಿ, ಅಳ್ವಿ, ಒಣಕೊಬ್ರಿ ಎಲ್ಲಾ ಕಟಗೊಂಡು ಹೋಗಿದ್ದೆ. ನಾ ಹೋಗಿ ಒಂದು ವಾರ ಆಗಿತ್ತು, ಅಳಿಯಂದ್ರ ನೌಕರಿ ಹೋತು. ಅವರೊಬ್ಬರದ ಅಲ್ಲ, ಕಂಪನ್ಯಾಗ ಭಾಳ ಮಂದೀನ್ನ ಒಮ್ಮೆಲೆ ತಗದಿದ್ರು. ಎಚ್-1ಬಿ ವೀಸಾದ ಮ್ಯಾಲೆ ಇದ್ದವರಿಗೆ ನೌಕರಿ ಹೋದ ಮ್ಯಾಲೆ ಹೆಚ್ಚಂದ್ರ 60 ದಿವಸ ಅಲ್ಲೆ ಇರಲಿಕ್ಕೆ ಅವಕಾಶ. ಅಷ್ಟರಾಗ ಬ್ಯಾರೆ ಕಂಪನಿಯವರು ಇವರ ಸಲುವಾಗಿ ಅರ್ಜಿ ಹಾಕಬೇಕು, ಇಲ್ಲಂದ್ರ ಗಂಟು ಮೂಟಿ ಕಟ್ಟಬೇಕು. ದವಾಖಾನಿ ಇನ್ಶೂರೆನ್ಸಿಗೂ ಅಲ್ಲಿಂದ ಮುಂದ ತಾವ ರೊಕ್ಕ ತುಂಬಬೇಕಾತು. ಹೆರಿಗಿ ಐದಾರು ವಾರದ ಮಾತು. ಅಡಿಗಿಮನಿ ಕ್ಯಾಲೆಂಡರಿನಾಗ ಮಗಳು ಎರಡ ತಾರೀಖಿಗೆ ಗುರ್ತು ಮಾಡಿದ್ಲು, ಒಂದು ಹೆರಿಗೀದು, ಒಂದು ಅರವತ್ತನೇ ದಿವಸದ್ದು. ಎರಡರ ನಡುವ ಭಾಳ ದಿವಸ ಇರಲಿಲ್ಲ.

ಅದರಾಗ ಕಾರು ನಿಂತಿತು. ಮನ್ಯಾಗ ಇದ್ದದ್ದು ಒಂದ, 2005ರ ಹೋಂಡಾ ಸಿಆರ್‌-ವಿ, 1,68,000 ಮೈಲಿ ಓಡಿದ್ದು. ಅಳಿಯಂದ್ರು ಒಂದು ಇಂಟರ್‌ವ್ಯೂ ಮುಗಿಸಿ ಬರೂ ಮುಂದ ಹೈವೇ ಮ್ಯಾಲೆ ಬಿದ್ದಿದ್ದ ಕಬ್ಬಿಣದ ತುಂಡೊಂದು ಮುಂದಿನ ಲಾರಿ ಗಾಲಿಗೆ ಸಿಕ್ಕು ಹಾರಿ ಇವರ ರೇಡಿಯೇಟರಿಗೆ ಬಡೀತು. ಒಳಗಿನ ನೀರೆಲ್ಲಾ ಸೋರಿ ಹೋತು. ಇದರಾಗ ಒಂದು ತಿಳಕೊಳ್ಳೂ ಮಾತದ. ಬಿಸಿ ತೋರಸೂ ಸೂಜಿ ನೀರಿನ ಬಿಸಿ ಅಳೀತದ. ನೀರ ಇಲ್ಲಂದ್ರ ಅದಕ್ಕ ಬರೇ ಗಾಳಿ ಸಿಗ್ತದ, ಸೂಜಿ ಏರಿದ್ದು ಮತ್ತ ಇಳದು ಬಿಡ್ತದ. ಇವರಿಗೂ ಹಂಗ ಆತು. ಸೂಜಿ ಇಳೀತು, ಆರಿತು ಅನ್ಕೊಂಡ್ರು, ಎರಡು ಮೈಲಿ ಹೋಗೂದ್ರಾಗ ಒಳಗ ಕಟಕಟ ಸಪ್ಪಳಾಗಿ ಎಂಜಿನ್ ಹಿಡಕೊಂಡು ಬಿಡ್ತು. ಪುಣ್ಯಾಕ್ಕ ಗಾಡಿ ಬಾಜೂಕ ತಂದು ನಿಲ್ಲಿಸಿದ್ರು.

ಮೆಕ್ಯಾನಿಕ್ ನೋಡಿ ಹೇಳಿದ್ದಿಷ್ಟು: ಹೆಡ್ಡು ಸೊಟ್ಟ ಆಗೇದ, ಎರಡು ಸಿಲಿಂಡರಿನಾಗ ಒತ್ತಡ ಇಲ್ಲ, ಎಂಜಿನ್ ಹೋತು, ಗೇರು, ಬಾಡಿ, ಗಾಲಿ ಎಲ್ಲಾ ಗಟ್ಟಿ ಅವ. ಅವತ್ತ ರಾತ್ರಿ ಊಟ ಆದ ಮ್ಯಾಲೆ ಮೂರೂ ಮಂದಿ ಕೂತು ಲೆಕ್ಕಾ ಹಾಕಿದ್ವಿ. ಒಂದಿಷ್ಟು ನಂಬಿಗಿ ಇಡೂವಂಥಾ ಹಳೇ ಕಾರು ತಗೋಬೇಕಂದ್ರ ಅವಾಗ 12,000 ಡಾಲರ್ ಹೇಳ್ತಿದ್ರು, ನೌಕರಿ ಇಲ್ಲದವ್ರಿಗೆ ಸಾಲ ಕೊಡಾವ್ರು ಯಾರು. ಇದ್ದ ಎಂಜಿನ್ನ ಬಿಚ್ಚಿ ರಿಪೇರಿ ಮಾಡಸೂದು 5,000ದ ಮ್ಯಾಲೆ. ಊರಾಗಿನ ಗುಜರಿಯೊಳಗ ಅಲ್ಲೇದ ಒಂದು ಎಂಜಿನ್ 700ಕ್ಕ ಸಿಗ್ತಿತ್ತು, ಆದ್ರ ಅದು ಇದಕ್ಕಿಂತ ಹೆಚ್ಚು ಓಡಿದ್ದು. ನಾಲ್ಕನೇದು, ಮೆಕ್ಯಾನಿಕ್ಕನ ಹೇಳಿದ್ದು: ಜಪಾನಿನಿಂದ ಬಂದ ಬಳಸಿದ ಎಂಜಿನ್, ಸಾವಿರದ ಆಜೂಬಾಜು.

ನಂದು ಒಂದು ಎಫ್‌ಡಿ ಇತ್ತು. ಮುರಿಸಿ ಕಳಸ್ಲಿಕ್ಕೆ ನಮ್ಮನಿಯವರಿಗೆ ಹೇಳ್ತೀನಂದೆ. ಮಗಳು ನನ್ನ ಕಡೆ ಸುದ್ದಾ ನೋಡಲಿಲ್ಲ. "ಅವ್ವಾ, ಅದು ನಿಮ್ಮಿಬ್ಬರ ಮುಪ್ಪಿನ ರೊಕ್ಕ. ಅದರ ಸುದ್ದಿ ತಗೀಬ್ಯಾಡ" ಅಂದ್ಲು. ಅಳಿಯಂದ್ರು ತಲಿ ಕೆಳಗ ಹಾಕಿ ಕೂತಿದ್ರು. ನೌಕರಿ ಹೋದ ಗಂಡಸಿನ ಮುಂದ ಅತ್ತಿಯಾದಾಕಿ ರೊಕ್ಕದ ಮಾತು ಎರಡನೇ ಸಲ ಎತ್ತಬಾರದು ಅಂತ ನಾನೂ ಸುಮ್ಮನಾದೆ.

ಮರುದಿನ ವಿಡಿಯೋ ಕಾಲ್‌ನಾಗ ನಮ್ಮನಿಯವರು, "ಸತ್ತ ಕಾರಿನ ಎಂಜಿನ್ ತಂದು ಬಸರಿ ಹೆಂಗಸು ಕೂಡೂ ಗಾಡಿಗೆ ಹಾಕ್ತೀರೇನು" ಅಂದ್ರು. ಅವರು ಅಂದಿದ್ದು ಕಾಳಜೀಲೆ. ಆದ್ರ ಆ ಎಂಜಿನ್ನುಗಳು ಯಾಕ ಬರ್ತಾವ ಅನ್ನೂದು ಅಳಿಯಂದ್ರು ನಂಗ ಬಿಡಿಸಿ ಹೇಳಿದ್ರು, ಅದನ್ನ ನಿಮಗೂ ಹೇಳ್ತೀನಿ.

ಜಪಾನಿನಾಗ ಕಾರಿಗೆ 'ಶಾಕೆನ್' ಅಂತ ಒಂದು ಪರೀಕ್ಷಾ ಇರ್ತದ. ಹೊಸಾ ಕಾರಿಗೆ ಮೂರು ವರ್ಷಕ್ಕ ಮೊದಲನೇದು, ಆಮ್ಯಾಲೆ ಎರಡು ವರ್ಷಕ್ಕೊಮ್ಮೆ. ಪರೀಕ್ಷಾ, ತೆರಿಗಿ, ಕಡ್ಡಾಯದ ಇನ್ಶೂರೆನ್ಸ್, ರಿಪೇರಿ ಎಲ್ಲಾ ಕೂಡಿ ಖರ್ಚು ಜೋರು ಬೀಳ್ತದ. ಪೆಟ್ರೋಲ್ ಗಾಡಿಗೆ 13 ವರ್ಷ ದಾಟಿತಂದ್ರ ತೆರಿಗೀನೂ ಏರ್ತದ. ಅಲ್ಲೆ ಮಂದಿ ದೊಡ್ಡ ಊರಾಗ ಓಡಾಡೂದು ರೈಲಿನಾಗ, ಹಿಂಗಾಗಿ ಗಾಡಿ ಓಡೂದೂ ಕಡಿಮಿ. ಇಷ್ಟು ಖರ್ಚು ಮಾಡೂಕಿಂತ ಬ್ಯಾರೆ ತಗೊಂಡ್ರಾತು ಅಂತ ಗಟ್ಟಿ ಇದ್ದ ಗಾಡೀನ್ನೂ ಬಿಟ್ಟು ಬಿಡ್ತಾರ. ಅವು ಇಡೀ ಅಮೇರಿಕಾಕ್ಕ ಬರೂಹಂಗಿಲ್ಲ. ಅಮೇರಿಕಾದ ಸುರಕ್ಷತಾ ನಿಯಮದ ಪ್ರಕಾರ ಮಾಡದ ಗಾಡಿ ಆದ್ರ 25 ವರ್ಷ ಆಗೂತನಾ ರಸ್ತೆ ಮ್ಯಾಲೆ ಓಡಸ್ಲಿಕ್ಕೆ ತರಸೂದು ಭಾಳ ತ್ರಾಸು. ಸ್ಟೇರಿಂಗೂ ನಮ್ಮ ಹಂಗ ಬಲಕ್ಕ ಇರ್ತದ. ಅದಕ್ಕ ಎಂಜಿನ್ ಬ್ಯಾರೆ ತಗದು, ಕಂಟೇನರಿನಾಗ ತುಂಬಿ ಹಡಗದಾಗ ಕಳಸ್ತಾರ. ಇದಕ್ಕ 'ಜೆಡಿಎಂ' ಎಂಜಿನ್ ಅಂತಾರ, ಜಪಾನಿನ ಒಳಗಿನ ಮಾರ್ಕೆಟಿಗೆ ಮಾಡಿದ್ದು ಅಂತ ಅರ್ಥ.

ಮಾರಾವ್ರು ಒಂದು ಸುದ್ದಿ ಹಬ್ಬಸ್ಯಾರ: ಇಷ್ಟು ಸಾವಿರ ಕಿಲೋಮೀಟರ್ ಆತಂದ್ರ ಎಂಜಿನ್ ತಗದು ಒಗೀಬೇಕಂತ ಜಪಾನಿನಾಗ ಕಾಯ್ದೆ ಅದ ಅಂತ. ಅದು ಸುಳ್ಳ. ಹಂತಾ ಕಾಯ್ದೆ ಇಲ್ಲ. ಭಾಳ ಓಡಿದ ಗಾಡಿ ಎಂಜಿನ್ನೂ ಆ ಕಂಟೇನರಿನಾಗ ಬರ್ತಾವ. ಎಷ್ಟು ಓಡೇದ ಅನ್ನೂ ಮೀಟರು ಕಾರಿನ ಕೂಡ ಅಲ್ಲೆ ಉಳೀತದ, ಎಂಜಿನ್ನಿನ ಕೂಡ ಬರೂದಿಲ್ಲ. ಅಂದ್ರ '40 ಸಾವಿರ ಮೈಲಿ ಅಷ್ಟ' ಅಂತ ಅವರು ಹೇಳಿದ್ದು ಬಾಯಿಮಾತು. ಎಂಜಿನ್ನನ್ನ ಕಣ್ಣೀಲೆ ನೋಡಿ, ಒತ್ತಡ ಅಳಸಿ ತಗೋಬೇಕು, ಬ್ಯಾರೆ ದಾರಿ ಇಲ್ಲ.

ಇಷ್ಟು ಕೇಳಿದ ಮ್ಯಾಲೆ, "ನೋಡ್ಲಿಕ್ಕೆ ನಾನೂ ಬರ್ತೀನಿ" ಅಂದೆ.

"ಅತ್ತೀ, ಅದು ಗೋಡೌನ್, ಥಂಡಿ ಭಾಳ ಇರ್ತದ, ನೀವ್ಯಾಕ?" ಅಂದ್ರು ಅಳಿಯಂದ್ರು.

ನನ್ನ ತವರುಮನಿ ಕಥಿ ಅವರಿಗೆ ಅಷ್ಟು ಗೊತ್ತಿರಲಿಲ್ಲ. ನಮ್ಮಪ್ಪಂದು ಹಳ್ಳ್ಯಾಗ ಹಿಟ್ಟಿನ ಗಿರಣಿ ಇತ್ತು. ಕರೆಂಟು ಬಂದು ಹೋಗಿ ಮಾಡೂ ಕಾಲ, ಡೀಸಲ್ ಎಂಜಿನ್ ಮ್ಯಾಲೆ ಪಟ್ಟಾ ಹಾಕಿ ಗಿರಣಿ ನಡಸ್ತಿದ್ರು. ಲಿವರ್ ಎತ್ತಿ ಹಿಡದು ಹ್ಯಾಂಡಲ್ ತಿರುವೂದು, ಜೋರು ಹತ್ತಿದ ಕೂಡ್ಲೆ ಲಿವರ್ ಬಿಡೂದು, ಟುಕ್ ಅಂತ ಹೊಗಿ ಬಿಟ್ಟು ಎಂಜಿನ್ ಎದ್ದೇಳೂದು. ಆ ಲಿವರ್ ಹಿಡ್ಯೂ ಕೆಲಸ ನಂದು. ಪಿಯುಸಿ ಮುಗಿಸಿ ಮದವಿ ಆಗೂ ತನಕಾ ಸಾಲಿ ಬಿಟ್ಟ ಮ್ಯಾಲೆ ನಾ ಗಿರಣ್ಯಾಗ ಇರ್ತಿದ್ದೆ. ಅಪ್ಪ ದಿನಾ ಮುಂಜಾನೆ ಎಣ್ಣಿ ಕಡ್ಡಿ ತಗದು ನನ್ನ ಬಟ್ಟಿಗೆ ಹಚ್ಚಿ, "ತಿಕ್ಕಿ ನೋಡು, ಏನ ಸಿಗ್ತದ?" ಅಂತ ಕೇಳ್ತಿದ್ರು. ಉಸುಕಿನ ಹಂಗ ಹತ್ತಿದ್ರ ಬೇರಿಂಗ್ ಸವದಾವ. ಬೆಳ್ಳಗ ಮಜ್ಜಿಗಿ ಹಂಗ ಆಗಿದ್ರ ಎಣ್ಯಾಗ ನೀರು ಕೂಡೇದ. ಎಂಜಿನ್ ಸಣ್ಣದಿರಲಿ ದೊಡ್ಡದಿರಲಿ, ಎಣ್ಣಿ ಸುಳ್ಳ ಹೇಳೂದಿಲ್ಲ ಅಂತಿದ್ರು. ಇದನ್ನ ಹೇಳಿದೆ. ಅಳಿಯಂದ್ರು ನಕ್ಕು, ನೌಕರಿ ಹೋದ ಮ್ಯಾಲೆ ಮೊದಲನೇ ಸಲ ನಕ್ಕದ್ದು ಅದು, "ಹಂಗಿದ್ರ ನಡ್ರಿ ಅತ್ತೀ" ಅಂದ್ರು. ಮೆಕ್ಯಾನಿಕ್ ಈಕ್ವೆಡಾರ್ ದೇಶದಾಂವ, ಅಂವಾನೂ ತನ್ನ ಪಿಕಪ್ ಗಾಡಿ ತಗೊಂಡು ಬಂದ.

ಗೋಡೌನಿನಾಗ ನೋಡಿದ್ರ ಕಟ್ಟಗಿ ಹಲಗಿ ಮ್ಯಾಲೆ ಸಾಲಾಗಿ ಎಂಜಿನ್ನುಗಳು, ಒಂದೊಂದಕ್ಕೂ ಪ್ಲಾಸ್ಟಿಕ್ ಸುತ್ತಿದ್ದು, ಮ್ಯಾಲೆ ಬಿಳೀ ಬಣ್ಣದಾಗ ನಂಬರು. ನಮಗ ಬೇಕಾದದ್ದು 'ಕೆ24ಎ', 2.4 ಲೀಟರಿಂದು, ನಾಲ್ಕು ಸಿಲಿಂಡರು. ಇದರಾಗ ಬೆಲ್ಟ್ ಬದಲಿಗೆ ಟೈಮಿಂಗ್ ಚೈನು ಇರ್ತದ. ಮಾರೂ ಹುಡುಗ ಮೊದಲು ಒಂದನ್ನ ತೋರಿಸಿದ. ಮ್ಯಾಲೆ ತೊಳದು ಲಕಲಕ ಮಾಡಿದ್ದ. ಎಣ್ಣಿ ಹಾಕೂ ಮುಚ್ಚಳ ತಗೀಲಿಕ್ಕೆ ಹೇಳಿದೆ. ಮೊಬೈಲಿನ ಬೆಳಕ ಬಿಟ್ಟು ಒಳಗ ನೋಡಿದ್ರ ಹಂಚಿಗೆ ಹತ್ತಿದ ಕಿಲುಬಿನ ಹಂಗ ಕರ್ರಗ ಹೆಪ್ಪುಗಟ್ಟಿತ್ತು. ನೀರು ಹೋಗೂ ಬಾಯಾಗ ಬಟ್ಟು ಹಾಕಿದೆ, ಕೆಂಪು ತುಕ್ಕು ಬಂತು. ಮೆಕ್ಯಾನಿಕ್ ನನ್ನ ಬಟ್ಟು ನೋಡಿ, ಅಳಿಯಂದ್ರ ಕಡೆ ತಿರುಗಿ ತಲಿ ಅಲ್ಲಾಡಿಸಿದ. ಬ್ಯಾಡ ಅಂದ್ವಿ.

ಹುಡುಗಗ ಸಿಟ್ಟು ಬಂತು. ಎಲ್ಲಾ ಹಿಂಗ ಇರ್ತಾವ, ಬೇಕಾದ್ರ 100 ಡಾಲರ್ ಕಡಿಮಿ ಮಾಡ್ತೀನಿ, ಇವತ್ತಿಗಷ್ಟ ಅಂದ. ನೂರು ಡಾಲರ್ ಅಂದ್ರ ಅವಾಗ ನಮ್ಮ ಮನಿಗೆ ಒಂದು ವಾರದ ಕಿರಾಣಿ. ಅಳಿಯಂದ್ರು ಒಂದು ಗಳಗಿ ತಡದ್ರು. ನಾ ಏನೂ ಅನ್ನಲಿಲ್ಲ, ಬಟ್ಟಿನ ತುಕ್ಕು ಕರವಸ್ತ್ರಕ್ಕ ಒರಸಿ ಅವರ ಕೈಯಾಗ ಕೊಟ್ಟೆ. "ಬ್ಯಾರೆ ತೋರಸು" ಅಂದ್ರು.

ಎರಡನೇದು ಹೊರಗ ಅಷ್ಟೇನೂ ಚಂದ ಇರಲಿಲ್ಲ, ಧೂಳ ಕೂತಿತ್ತು. ಆದ್ರ ಮುಚ್ಚಳ ತಗದ್ರ ಒಳಗ ಬೆಲ್ಲದ ಆಣದ ಬಣ್ಣ, ಹೆಪ್ಪಿಲ್ಲ, ಬಿಳಪಿಲ್ಲ. ನೀರಿನ ಬಾಯಿ ಸ್ವಚ್ಛ. ಕೆಳಗ ಎಣ್ಣಿ ತಟ್ಟಿ ನೆಗ್ಗಿರಲಿಲ್ಲ, ವೈರಿನ ಪ್ಲಾಸ್ಟಿಕ್ ಕೊಂಡಿ ಮುರದಿರಲಿಲ್ಲ. ಬ್ಲಾಕಿನ ಮ್ಯಾಲೆ ಕೊರದ ನಂಬರು ನಾವು ಕೇಳಿದ್ದ ಇತ್ತು. ಮೆಕ್ಯಾನಿಕ್ ಮುಂದಿನ ಪುಲ್ಲಿಗೆ ಪಾನಾ ಹಾಕಿ ಎರಡು ಸುತ್ತು ತಿರುವಿದ, ಎಲ್ಲೂ ಹಿಡೀಲಿಲ್ಲ. ಆಮ್ಯಾಲೆ ಪ್ಲಗ್ ತಗದು, ಬ್ಯಾಟರಿ ಹಚ್ಚಿ ತಿರುಗಿಸಿ ಒತ್ತಡ ಅಳದ್ರು. 182, 180, 184, 178 ಪಿಎಸ್‌ಐ.

ಒತ್ತಡ ಅಂದ್ರ ಏನು ಅಂತೀರಿ? ನಮ್ಮ ಕುಕ್ಕರ್ ನೆನಪ ಮಾಡ್ಕೊಳ್ರಿ. ರಿಂಗ್ ಸವದ್ರ ಸೀಟಿ ಆಗೂದಿಲ್ಲ, ಬಾಜೂಕ ಉಗಿ ಸೋರ್ತದ, ಬ್ಯಾಳಿ ಬೇಯೂದಿಲ್ಲ. ಎಂಜಿನ್ನಿನಾಗೂ ಪಿಸ್ಟನ್ನಿಗೆ ರಿಂಗ್ ಅವ, ಹೆಡ್ಡಿನ ಕೆಳಗ ಗ್ಯಾಸ್ಕೆಟ್ ಅದ, ವಾಲ್ವ್ ಅವ. ಯಾವುದರ ಒಂದು ಸೋರಿದ್ರ ಆ ಸಿಲಿಂಡರಿನ ಅಂಕಿ ಬೀಳ್ತದ. ನಾಲ್ಕೂ ಅಂಕಿ ದೊಡ್ಡವಿರಬೇಕು, ಅದಕ್ಕಿಂತ ಮುಖ್ಯ ನಾಲ್ಕೂ ಒಂದಕ್ಕೊಂದು ಹತ್ರ ಇರಬೇಕು. ಮೂರು 180 ಇದ್ದು ಒಂದು 120 ಇದ್ರ ಕೈ ಮುಗದು ಬರಬೇಕು.

ಬೆಲಿ 1,150 ಡಾಲರ್. ವಾರಂಟಿ 60 ದಿವಸ, ಎಂಜಿನ್ನಿಗೆ ಮಾತ್ರ. ಕೆಟ್ಟದ್ದು ಬಂದ್ರ ಬ್ಯಾರೆ ಎಂಜಿನ್ ಕೊಡ್ತಾರ, ಇಳಿಸಿ ಏರಿಸಿದ ಕೂಲಿ ಕೊಡೂದಿಲ್ಲ. ಎಂಜಿನ್ನಿಗೆ ಬಟನ್ನಿನಷ್ಟು ಒಂದು ತಗಡಿನ ಬಿಲ್ಲಿ ಅಂಟಸಿದ್ರು. ಎಂಜಿನ್ ಮಿತಿ ಮೀರಿ ಕಾಯ್ದ್ರ ಅದರ ನಡುವಿನ ಭಾಗ ಕರಗ್ತದಂತ, ಕರಗಿದ್ರ ವಾರಂಟಿ ಇಲ್ಲ. ಇದನ್ನೆಲ್ಲಾ ಬಾಯೀಲೆ ಹೇಳಿದ್ದ, ಬಿಲ್ಲಿನ ಮ್ಯಾಲೆ ಬರಸ್ಕೊಂಡ್ವಿ. ಎಂಜಿನ್ ನಂಬರು, ಒತ್ತಡದ ನಾಲ್ಕು ಅಂಕಿ, ತಾರೀಖು ಎಲ್ಲಾ. ದೂರದ ಊರಿನವರಿಗೆ ಲಾರಿ ಮ್ಯಾಲೆ ಕಳಸ್ತಾರ, ಅವಾಗ ಮನಿಗೆ ತರಸಬಾರದು, ಗ್ಯಾರೇಜಿಗೆ ತರಸಬೇಕು. ಮನಿಗಾದ್ರ ಬಾಡಿಗಿ ಹೆಚ್ಚು, ಮ್ಯಾಲಾಗಿ ಅಂಥಾ ಭಾರ ಇಳಸಾವ್ರು ಯಾರು?

ಗ್ಯಾರೇಜಿನ ಕೆಲಸದಾಗ ನಾ ಕಲತಿದ್ದು ಏನಂದ್ರ, ಎಂಜಿನ್ ಹೊರಗ ಇದ್ದಾಗನ ಸಣ್ಣ ಸಾಮಾನು ಬದಲಿಸಿ ಬಿಡಬೇಕು. ಹಿಂದಿನ ಆಯಿಲ್ ಸೀಲ್ ಹತ್ತಿಪ್ಪತ್ತು ಡಾಲರಿಂದು, ಆದ್ರ ಒಮ್ಮೆ ಎಂಜಿನ್ ಕೂಡಿಸಿದ ಮ್ಯಾಲೆ ಅದು ಸೋರಿದ್ರ ಮತ್ತ ಎಲ್ಲಾ ಇಳಸಬೇಕು. ಮ್ಯಾಲಿನ ಕವರಿನ ಗ್ಯಾಸ್ಕೆಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಪ್ಲಗ್ಗು, ಹೊರಗಿನ ಬೆಲ್ಟ್, ಫಿಲ್ಟರ್, ಹೊಸಾ ರೇಡಿಯೇಟರ್, ಎಣ್ಣಿ, ಕೂಲಂಟ್ ಎಲ್ಲಾ ಕೂಡಿ 500 ಡಾಲರ್. ಜಪಾನಿನ ಎಂಜಿನ್ನಿನ ಮ್ಯಾಲಿನ ಸೆನ್ಸರು, ಗಾಳಿ ಒಳಗ ಬಿಡೂ ಮ್ಯಾನಿಫೋಲ್ಡ್ ತಗದು, ನಮ್ಮ ಹಳೇ ಎಂಜಿನ್ನಿಂದು ಹಾಕಿದ, ಯಾಕಂದ್ರ ಗಾಡಿ ಕಂಪ್ಯೂಟರಿಗೆ ತನ್ನ ಸಾಮಾನ ಗುರ್ತು. ಕೂಲಿ 1,600. ಒಟ್ಟು 3,250, ತೆರಿಗಿ ಬ್ಯಾರೆ.

ಏಳು ದಿವಸ ಹಿಡೀತು. ಆ ಏಳು ದಿವಸ ಅಳಿಯಂದ್ರು ಮುಂಜಾನೆ ಲ್ಯಾಪ್‌ಟಾಪ್ ಮುಂದ ಅರ್ಜಿ ಹಾಕೂದು, ಮಧ್ಯಾಹ್ನ ಗ್ಯಾರೇಜಿಗೆ ನಡಕೊಂಡು ಹೋಗಿ ಬರೂದು. ಮಗಳ ತಪಾಸಣಿಗೆ ನೆರೆಮನಿ ತೆಲುಗು ಹುಡುಗಿ ಕರಕೊಂಡು ಹೋದ್ಲು. ಆ ಹುಡುಗಿ ಉಪಕಾರ ನಾ ಮರೀಲಾರೆ, ಅಂಟಿನುಂಡಿ ಒಂದು ಡಬ್ಬಿ ಆಕೀಗೂ ಮಾಡಿ ಕೊಟ್ಟೆ. ಎಂಜಿನ್ ಚಾಲೂ ಮಾಡೂ ದಿವಸ ನಾನೂ ಹೋಗಿದ್ದೆ. ಮೊದಲು ಪೆಟ್ರೋಲ್ ಬರದಂಗ ಮಾಡಿ ಬರೇ ತಿರುಗಿಸಿದ, ಎಣ್ಣಿ ಎಲ್ಲಾ ಕಡೆ ಮುಟ್ಟಲಿ ಅಂತ. ಆಮ್ಯಾಲೆ ಹಚ್ಚಿದ. ಒಮ್ಮೆ ಕೆಮ್ಮಿತು, ಎರಡನೇ ಸಲ ಹತ್ತಿತು. ಹೀಟರ್ ಹಚ್ಚಿ ಅರ್ಧಾ ತಾಸು ಬಿಟ್ಟು, ನೀರಿನಾಗಿನ ಗಾಳಿ ತಗದ. ಎಲ್ಲೂ ಸೋರಲಿಲ್ಲ. 500 ಮೈಲಿ ಆದ ಮ್ಯಾಲೆ ಎಣ್ಣಿ ಬದಲಸ್ರಿ, ಹಳೇ ಎಣ್ಯಾಗ ಲೋಹದ ಪುಡಿ ಇದ್ರ ನಂಗ ತೋರಸ್ರಿ ಅಂದ.

ನ್ಯೂಜರ್ಸಿಯೊಳಗ ಎರಡು ವರ್ಷಕ್ಕೊಮ್ಮೆ ಹೊಗಿ ಪರೀಕ್ಷಾ ಮಾಡಸಬೇಕು. ಗಾಡಿ ಕಂಪ್ಯೂಟರಿಗೆ ವೈರ್ ಹಚ್ಚಿ ನೋಡ್ತಾರ. ಬ್ಯಾಟರಿ ಬಿಚ್ಚಿದ ಗಾಡಿ ಕೂಡ್ಲೆ ಹೋದ್ರ ಪಾಸಾಗೂದಿಲ್ಲ, ಕಂಪ್ಯೂಟರ್ ತನ್ನ ತಪಾಸಣಿ ಮುಗಸೂತನಾ ಒಂದಿಷ್ಟು ದಿವಸ ಓಡಸಬೇಕು. ನಮ್ಮದು ಮೊದಲನೇ ಸಲಾನ ಪಾಸಾತು, ಯಾಕಂದ್ರ ಹೊಗಿ ಶುದ್ಧ ಮಾಡೂ ಸಾಮಾನು ಒಂದನ್ನೂ ತಗದಿರಲಿಲ್ಲ.

ಅಳಿಯಂದ್ರಿಗೆ ಕೆಲಸ ಸಿಕ್ಕಿದ್ದು ನಲವತ್ತೊಂದನೇ ದಿವಸ, ಓಹಾಯೋದ ಕೊಲಂಬಸ್ಸಿನಾಗ. ಹೊಸಾ ಕಂಪನಿ ಅರ್ಜಿ ಹಾಕಿದ್ದು ಐವತ್ತೈದನೇ ದಿವಸ. ಆ ನಡುವಿನ ಎರಡು ವಾರದಾಗ ಒಂದು ರಾತ್ರಿ ಎರಡೂವರಿಗೆ ಮಗಳಿಗೆ ನೋವು ಹತ್ತಿತು. ಹೊರಗ ಮಳಿ, ಥಂಡಿ. ಅಳಿಯಂದ್ರು ಚಾವಿ ತಿರುವಿದ್ರು. ಖರೇ ಹೇಳ್ತೀನಿ, ನಾ ಹಿಂದಿನ ಸೀಟಿನಾಗ ಮಗಳ ಕೈ ಹಿಡಕೊಂಡು ಕೂತಾಕಿ ಆಕಿ ನರಳೂದು ಕೇಳಲಿಲ್ಲ, ಎಂಜಿನ್ ಸಪ್ಪಳ ಕೇಳಿದೆ. ನಾಲ್ಕೂ ಸಮ ಬಡೀಲಿಕತ್ತಿದ್ವು. ಅದಾದ ಮ್ಯಾಲೆ ಆಕಿ ಕಡೆ ತಿರುಗಿದೆ. ಮುಂಜಾನೆ ಎಂಟಕ್ಕ ಮೊಮ್ಮಗಳು ಹುಟ್ಟಿದ್ಲು.

ಕೂಸಿಗೆ ಎರಡು ತಿಂಗಳು ತುಂಬಿದ ಮ್ಯಾಲೆ ಅದ ಗಾಡ್ಯಾಗ ಐನೂರು ಮೈಲಿ ಮ್ಯಾಲೆ ದಾರಿ ಕೊಲಂಬಸ್ಸಿಗೆ ಹೋದ್ವಿ. ನಮ್ಮನಿಯವರು ಹುಬ್ಬಳ್ಳಿಯಿಂದ ಎರಡೆರಡು ತಾಸಿಗೆ ಫೋನ್ ಮಾಡಿ, ಕೂಸು ಹೆಂಗದ ಅಂತ ಕೇಳಿ, ಆಮ್ಯಾಲೆ ಸಣ್ಣ ದನೀಲೆ "ಗಾಡಿ ಹೆಂಗದ?" ಅಂತಿದ್ರು.

ಇನ್ನ ನಮ್ಮೂರಾಗ ಇದ್ದವ್ರಿಗೆ ಒಂದು ಮಾತು. ಅಮೇರಿಕಾದಾಗ ಕಾಗದದ ಮ್ಯಾಲೆ ಇರೂದು ಗಾಡಿ ನಂಬರು ಅಷ್ಟ. ನಮ್ಮ ಆರ್.ಸಿ. ಒಳಗ ಎಂಜಿನ್ ನಂಬರೂ ಇರ್ತದ. ಇಲ್ಲೆ ಎಂಜಿನ್ ಬದಲಸಾವ್ರು 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಮೊದಲು ಆರ್‌ಟಿಓ ಅನುಮತಿ ತಗೊಂಡು, ಹೊಸಾ ನಂಬರು ಆರ್.ಸಿ.ಯೊಳಗ ಬರಸಬೇಕು, ಇನ್ಶೂರೆನ್ಸಿನವರಿಗೂ ತಿಳಸಬೇಕು. ಇಲ್ಲಂದ್ರ ಏನರ ಅನಾಹುತ ಆದಾಗ ಪರಿಹಾರದ ರೊಕ್ಕಕ್ಕ ತಕರಾರು ಬರ್ತದ. ಬಿಲ್ಲಿಲ್ಲದ ಎಂಜಿನ್ ಎಷ್ಟು ಸೋವಿ ಇದ್ರೂ ತಗೋಬ್ಯಾಡ್ರಿ, ಕಳುವಿನ ಗಾಡೀದು ಇದ್ದೀತು.

ಪರದೇಶದಾಗ ಇದ್ದ ಮಕ್ಕಳಿಗೆ ಇಷ್ಟ ಹೇಳ್ರಿ. ಬಾಡಿ, ಗೇರು ಗಟ್ಟಿ ಇದ್ರ ಮಾತ್ರ ಎಂಜಿನ್ನಿಗೆ ರೊಕ್ಕ ಹಾಕ್ರಿ. ಮೊದಲು ಹಾಕಾವನ್ನ ಹುಡುಕ್ರಿ, ಆಮ್ಯಾಲೆ ಎಂಜಿನ್ ಹುಡುಕ್ರಿ. ಗಿರಾಕಿ ತಂದ ಸಾಮಾನು ಹಾಕ್ಲಿಕ್ಕೆ ಎಷ್ಟೋ ಮಂದಿ ಒಪ್ಪೂದಿಲ್ಲ. ಆ ರಾಜ್ಯದ ಹೊಗಿ ಕಾಯ್ದೆ ಕೇಳ್ಕೊಳ್ರಿ. ಕ್ಯಾಲಿಫೋರ್ನಿಯಾದಂಥಾ ಕಡೆ ಭಾಳ ಬಿಗಿ. ಮುಚ್ಚಳ ತಗದು ನೋಡ್ರಿ, ಒತ್ತಡ ಅಳಸ್ರಿ, ಎಲ್ಲಾ ಬರಸ್ಕೊಳ್ರಿ. ಯಾವುದರಿಂದ ಹಳೇ ಎಂಜಿನ್ ಸತ್ತಿತ್ತು, ಅದನ್ನ ಮೊದಲು ರಿಪೇರಿ ಮಾಡಸ್ರಿ. ಒಡದ ರೇಡಿಯೇಟರ್ ಬಿಟ್ಟು ಹೊಸಾ ಎಂಜಿನ್ ಹಾಕೂದು ಅಂದ್ರ ತೂತಿನ ಕೊಡಕ್ಕ ನೀರು ಹೊತ್ತಂಗ.

ಆ ಗಾಡಿ ಇನ್ನೂ ಓಡ್ಲಿಕತ್ತದ. ಮಗಳು ತಿಂಗಳಿಗೊಮ್ಮೆ ಕೂಸಿನ ಫೋಟೋದ ಕೂಡ ಎಣ್ಣಿ ಕಡ್ಡಿ ಫೋಟೋನೂ ಕಳಸ್ತಾಳ. ದೊಡ್ಡದು ಮಾಡಿ ನೋಡಿ, "ಬಣ್ಣ ಛಲೋ ಅದ" ಅಂತ ಬರೀತೀನಿ. ಎರಡಕ್ಕೂ ಅದ ಉತ್ತರ.